‘ಆರಾಮ ಅದಾರ’ ಎಂದರೆ ಏನು?

೨೦೨೪ನೆಯ ಇಸವಿ, ಮಾರ್ಚ್ ಮೂರನೆಯ ತಾರೀಖು, ರವಿವಾರ. ಜಹೀರಾಬಾದಿನ ಹೊರವಲಯದ ಮಾನಸಿಕ ಚಿಕಿತ್ಸಾ ವಸತಿ ಕೇಂದ್ರದಲ್ಲಿ ಅಂದು ನಲವತ್ತೊಂದು ಜನ ಇದ್ದರು. ಪ್ರತಿ ರವಿವಾರ ಮನೆಯವರ ಭೇಟಿಯ ದಿನ. ಆರು ಜನರಿಗೆ ಮನೆಯವರು ಬಂದರು. ಮೂವತ್ತೈದು ಜನರಿಗೆ ಯಾರೂ ಬರಲಿಲ್ಲ. ಆ ಮೂವತ್ತೈದರಲ್ಲಿ ಹತ್ತೊಂಬತ್ತು ಜನರ ಚಿಕಿತ್ಸೆ ಇನ್ನೂ ಮುಗಿದಿರಲಿಲ್ಲ. ಉಳಿದ ಹದಿನಾರು ಜನ ಗುಣವಾಗಿದ್ದರು. ಅವರಿಗೆ ಬೇಕಾಗಿದ್ದುದು ದಿನಕ್ಕೆ ಒಂದೆರಡು ಗುಳಿಗೆ ಮತ್ತು ಒಂದು ಮನೆ. ಗುಳಿಗೆ ಕೇಂದ್ರದಲ್ಲಿ ಸಿಗುತ್ತಿತ್ತು.

ಆ ಹದಿನಾರು ಜನರಲ್ಲಿ ಒಬ್ಬನ ಹೆಸರು ಶಿವರಾಯ. ವಯಸ್ಸು ನಲವತ್ತಮೂರು. ತಾಂಡೂರಿನ ಕಡೆಯವನು, ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ದುಡಿದವನು. ಭೇಟಿಯ ದಿನ ಬೆಳಿಗ್ಗೆ ಅಂಗಿ ಒಗೆದು, ಒಣಗುವ ತನಕ ಕಾದು, ಅದನ್ನೇ ತೊಟ್ಟು, ಗೇಟಿನ ಎದುರಿನ ಬೆಂಚಿನ ಮೇಲೆ ಕೂಡುತ್ತಿದ್ದ. ಐದು ಗಂಟೆಗೆ ಗೇಟು ಮುಚ್ಚಿದ ಮೇಲೆ ಎದ್ದು ಒಳಗೆ ಹೋಗುತ್ತಿದ್ದ. ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ.

ಅಂದು ಅವನು ಎದ್ದು ಹೋಗುವುದನ್ನು ಕಚೇರಿಯ ಕಿಟಕಿಯಿಂದ ನೋಡುತ್ತಿದ್ದವರು ಸುಗಲಾಬಾಯಿ. ನಾರಾಯಣಖೇಡದವರು. ಆ ಕೇಂದ್ರದ ಚಟುವಟಿಕೆ ಸಂಯೋಜಕಿ. ಅಲ್ಲಿರುವವರ ದಿನವನ್ನು ಕೆಲಸ, ಆಟ, ಹಾಡು, ಕೈಕಸಬುಗಳಿಂದ ತುಂಬುವುದು ಅವರ ಹೊಣೆ. ಬೆಳಿಗ್ಗೆ ಆರಕ್ಕೆ ಎಲ್ಲರನ್ನೂ ಅಂಗಳದಲ್ಲಿ ನಡೆಸುವುದು. ಹತ್ತಕ್ಕೆ ಕಾಗದದ ಚೀಲ, ಹೊಲಿಗೆ, ತೋಟ. ಮಧ್ಯಾಹ್ನ ಕೇರಂ, ಸಂಜೆ ಭಜನೆ. ವಾರಕ್ಕೊಮ್ಮೆ ಐದು ಜನರನ್ನು ಸಂತೆಗೆ ಕರೆದೊಯ್ದು, ಕಾಯಿಪಲ್ಲೆ ಕೊಳ್ಳಲು ಹೇಳಿ, ಅವರು ಚೌಕಾಶಿ ಮಾಡುವಾಗ ಹತ್ತು ಹೆಜ್ಜೆ ದೂರ ನಿಲ್ಲುವುದು. ನೋಡುವವರಿಗೆ ಇದು ಆಟ. ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನೂ ಮರೆತವನಿಗೆ ಇದು ಔಷಧದ ಅರ್ಧ ಭಾಗ.

ಊರಿನವರು ಅವರನ್ನು ‘ಆಟದ ಬಾಯಿ’ ಎನ್ನುತ್ತಿದ್ದರು. ಬಸ್ ನಿಲ್ದಾಣದ ಚಹಾದಂಗಡಿಯವನು ಒಮ್ಮೆ ಕೇಳಿದ:

“ಬಾಯಿ, ಹುಚ್ಚರ ಸಂಗಟ ಆಟ ಆಡಾಕ ಪಗಾರ ಕೊಡ್ತಾರಂತ, ಖರೆನಾ?”

“ಖರೆ ಅದರಿ. ಒಂದು ಜಾಗಾ ಖಾಲಿ ಅದ. ಬರ್ತೀರೇನು?”

“ಆಡಸಾಕೋ, ಆಡಾಕೋ?”

“ಅದು ಬಂದ ಮ್ಯಾಲ ಡಾಕ್ಟರು ಹೇಳ್ತಾರ.”

ಇಪ್ಪತ್ತಮೂರು ವರ್ಷಗಳಲ್ಲಿ ಅವರ ಕೈಯಿಂದ ಹಾದು ಆರುನೂರ ಹನ್ನೆರಡು ಜನ ಮನೆಗೆ ಮರಳಿದ್ದರು. ಬಜಾರಿನಲ್ಲಿ ಅವರಲ್ಲಿ ಯಾರಾದರೂ ಎದುರಾದರೆ ಸುಗಲಾಬಾಯಿಯವರೇ ಮೊದಲು ಮುಖ ತಿರುಗಿಸುತ್ತಿದ್ದರು. ‘ಈ ಬಾಯಿ ನಿನಗೆ ಹೇಗೆ ಪರಿಚಯ’ ಎಂದು ಜೊತೆಯವರು ಕೇಳಿದರೆ ಆ ಮನುಷ್ಯ ಉತ್ತರ ಹುಡುಕಬೇಕಾಗುತ್ತಿತ್ತು. ಆ ಕಷ್ಟವನ್ನು ಅವರು ಯಾರಿಗೂ ಕೊಡಲಿಲ್ಲ. ಒಮ್ಮೆ ಪಸ್ತಾಪುರದ ಕಡೆಯ ಹೆಣ್ಣುಮಗಳೊಬ್ಬಳು ಬಟ್ಟೆಯಂಗಡಿಯಲ್ಲಿ ಅವರ ಪಕ್ಕದಲ್ಲಿಯೇ ಕುಳಿತು, ಮೊಣಕೈ ತಾಗಿದರೂ ನೋಡದೆ, ಸೀರೆ ಆರಿಸಿ ಎದ್ದು ಹೋದಳು. ಅವಳಿಗೆ ಸೂಜಿ ಹಿಡಿಯುವುದನ್ನು ಎರಡನೆಯ ಸಲ ಕಲಿಸಿದವರು ಸುಗಲಾಬಾಯಿ. ಅವಳ ರವಿಕೆಯ ಹೊಲಿಗೆ ನೇರವಾಗಿತ್ತು. ಅಷ್ಟನ್ನು ನೋಡಿಕೊಂಡು ಅವರು ತಮ್ಮ ಕೋಣೆಗೆ ಬಂದರು. ಕೋಣೆಯಲ್ಲಿ ಒಂದು ಒಲೆ, ಒಂದು ತಟ್ಟೆ ಇದ್ದವು. ಗಂಡ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ.

ಶಿವರಾಯ ಕೇಂದ್ರಕ್ಕೆ ಬಂದದ್ದು ೨೦೧೯ರ ನವೆಂಬರಿನಲ್ಲಿ. ಆಗ ಅವನು ನಿದ್ದೆ ಮಾಡುತ್ತಿರಲಿಲ್ಲ. ಕಲ್ಲು ಕೊಯ್ಯುವ ಯಂತ್ರ ತನ್ನ ಹೆಸರು ಹಿಡಿದು ಕರೆಯುತ್ತದೆ ಎನ್ನುತ್ತಿದ್ದ. ಮನೆಯವರು ಒಂದೂವರೆ ವರ್ಷ ತಾಯತ ಕಟ್ಟಿಸಿದರು. ಒಂದು ದಿನ ನೆರೆಮನೆಯ ವೀರಪ್ಪನನ್ನು ಕಟ್ಟೆಯಿಂದ ತಳ್ಳಿದ. ವೀರಪ್ಪನ ಬಲಗೈ ಮುರಿಯಿತು. ಆಮೇಲೆ ಅಣ್ಣ ಲಿಂಗರಾಜ ಅವನನ್ನು ಇಲ್ಲಿಗೆ ತಂದು ಸೇರಿಸಿದ. ಮೊದಲೇ ತಂದಿದ್ದರೆ ಆ ಒಂದೂವರೆ ವರ್ಷ ಉಳಿಯುತ್ತಿತ್ತು. ಆ ಕೈಯೂ ಉಳಿಯುತ್ತಿತ್ತು.

ಗುಳಿಗೆಯಿಂದ ನಿದ್ದೆ ಬಂತು, ಯಂತ್ರದ ಕೂಗು ನಿಂತಿತು. ಆದರೆ ಮನುಷ್ಯ ಗೋಡೆಗೆ ಒರಗಿದವನು ಏಳಲಿಲ್ಲ. ಸುಗಲಾಬಾಯಿ ಅವನ ಮುಂದೆ ಒಂದು ಮೊರದಲ್ಲಿ ತೊಗರಿಬೇಳೆ ತಂದಿಟ್ಟರು.

“ಶಿವರಾಯ, ಇದ್ರಾಗಿನ ಕಲ್ಲು ಆರಿಸ್ರಿ.”

ಅವನು ಬಹಳ ಹೊತ್ತು ನೋಡಿದ. ಆಮೇಲೆ, ಮೂರು ತಿಂಗಳಲ್ಲಿ ಮೊದಲ ಸಲ, ತಾನಾಗಿ ಮಾತಾಡಿದ.

“ತಾಂಡೂರಿನಂವಗ ಕಲ್ಲು ಹುಡುಕು ಅಂತೀರಲ್ರಿ. ಕಲ್ಲೇ ನನ್ನ ಹುಡುಕೊಂಡು ಬರ್ತಾವ.”

ಅಲ್ಲಿಂದ ಅವನು ಎದ್ದ. ಕೇಂದ್ರದ ಹಿಂದೆ ಬಿದ್ದಿದ್ದ ಒಡೆದ ಫರಸಿ ಕಲ್ಲುಗಳನ್ನು ತಂದು ಅಂಗಳದಲ್ಲಿ ಹಾಸತೊಡಗಿದ. ದಾರ ಹಿಡಿದು ಮಟ್ಟ ನೋಡುತ್ತಿದ್ದ. ಮಟ್ಟ ಸರಿಯಿಲ್ಲದಿದ್ದರೆ ಕಿತ್ತು ಮತ್ತೆ ಹಾಸುತ್ತಿದ್ದ. ೨೦೨೧ರ ಜನವರಿಯಲ್ಲಿ ಡಾಕ್ಟರು, “ಇವರು ಮನೆಗೆ ಹೋಗಬಹುದು, ಗುಳಿಗೆ ಮಾತ್ರ ಮುಂದುವರಿಸಬೇಕು” ಎಂದು ಬರೆದರು.

ಪ್ರತಿ ತಿಂಗಳ ಮೊದಲ ಸೋಮವಾರ ಮನೆಗಳಿಗೆ ಫೋನು ಮಾಡುವ ಕೆಲಸವೂ ಸುಗಲಾಬಾಯಿಯವರದೇ. ಅವರು ಲಿಂಗರಾಜನಿಗೆ ಫೋನು ಮಾಡಿ, “ನಿಮ್ಮ ತಮ್ಮ ಆರಾಮ ಅದಾರ್ರಿ” ಎನ್ನುತ್ತಿದ್ದರು. “ಆತ್ರಿ ಬಾಯಿ, ಬಹಳ ಛಲೋ ಆತು” ಎನ್ನುತ್ತಿದ್ದ ಲಿಂಗರಾಜ. ಫೋನು ಶಿವರಾಯನ ಕೈಗೆ ಹೋಗುತ್ತಿತ್ತು. “ಅಣ್ಣಾ, ನಾ ಆರಾಮ ಅದೀನಿ” ಎಂದು ಹೇಳಿ ಅವನು ಸುಮ್ಮನೆ ಕಾಯುತ್ತಿದ್ದ. “ಹಾಂ ತಮ್ಮಾ, ಆರಾಮ ಇರು” ಎಂದು ಅಣ್ಣ ಇಡುತ್ತಿದ್ದ. ಹೀಗೆ ಮೂವತ್ತೆಂಟು ತಿಂಗಳು, ಮೂವತ್ತೆಂಟು ಸಲ.

ಅದಕ್ಕಿಂತ ಹೆಚ್ಚು ಹೇಳಲು ಸುಗಲಾಬಾಯಿಯವರಿಗೆ ಧೈರ್ಯವಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರು ರಾಯಿಕೋಡಿನ ಒಂದು ಮನೆಯವರನ್ನು ‘ಬಂದು ಕರಕೊಂಡು ಹೋಗ್ರಿ’ ಎಂದು ಮೇಲಿಂದ ಮೇಲೆ ಒತ್ತಾಯಿಸಿದ್ದರು. ಆ ಮನೆಯವರು ಫೋನು ನಂಬರನ್ನೇ ಬದಲಿಸಿದರು. ಅಂದಿನಿಂದ ಸುದ್ದಿ ಮುಟ್ಟಿಸುವುದು, ಮನೆಯವರೇ ಕೇಳುವ ತನಕ ಕಾಯುವುದು ಅವರ ರೂಢಿಯಾಯಿತು. ಲಿಂಗರಾಜ ಕೇಳಲಿಲ್ಲ. ಅವನಿಗೆ ಮನಸ್ಸಿಲ್ಲ ಎಂದು ಅವರು ತಿಳಿದರು.

ಈಗ ಎರಡು ಸಂಗತಿಗಳು ಒಟ್ಟಿಗೆ ಬಂದಿದ್ದವು. ಮಾರ್ಚ್ ಮೂವತ್ತೊಂದಕ್ಕೆ ಸುಗಲಾಬಾಯಿಯವರ ನಿವೃತ್ತಿ. ಅದೇ ದಿನದೊಳಗೆ ಅವರು ಒಂದು ಪಟ್ಟಿ ಬರೆದುಕೊಡಬೇಕಾಗಿತ್ತು: ಗುಣವಾದರೂ ಮೂರು ವರ್ಷದಿಂದ ಯಾರೂ ಬಂದು ನೋಡದವರ ಪಟ್ಟಿ. ಅವರನ್ನು ‘ವಾರಸುದಾರರಿಲ್ಲದವರು’ ಎಂದು ದಾಖಲಿಸಿ ದೂರದ ಆಶ್ರಯಧಾಮಕ್ಕೆ ಕಳುಹಿಸುವುದಿತ್ತು. ಹೊಸ ರೋಗಿಗಳು ಹಾಸಿಗೆಗಾಗಿ ಕಾಯುತ್ತಿದ್ದರು. ಅಲ್ಲಿಗೆ ಹೋದವರನ್ನು ಮುಂದೆ ಹುಡುಕಿಕೊಂಡು ಹೋಗುವವರು ಅಪರೂಪ.

ಆ ರವಿವಾರ ಸಂಜೆ ಸುಗಲಾಬಾಯಿ ಮೊದಲು ಬರೆಯಲು ಹೊರಟ ಹೆಸರು ಶಿವರಾಯನದು. ಬರೆಯಲಾಗಲಿಲ್ಲ. ಲೆಕ್ಕ ಕೂಡಲಿಲ್ಲ. ತಮ್ಮ ಬೇಡವಾದ ಅಣ್ಣ ಮೂವತ್ತೆಂಟು ಸಲವೂ ಮೊದಲ ಗಂಟೆಗೇ ಫೋನು ಎತ್ತುವುದೇಕೆ?

ಮರುದಿನ ಅವರು ಫೋನು ಮಾಡಲಿಲ್ಲ. ಎರಡು ಬಸ್ಸು ಬದಲಿಸಿ ತಾಂಡೂರಿಗೆ ಹೋಗಿ, ಅಲ್ಲಿಂದ ಆಟೋ ಹಿಡಿದು ಕರಣಕೋಟದ ದಾರಿಯಲ್ಲಿರುವ ಶಿವರಾಯನ ಊರಿಗೆ ಹೋದರು. ಇಪ್ಪತ್ತಮೂರು ವರ್ಷದಲ್ಲಿ ಒಬ್ಬರ ಮನೆಯ ಹೊಸ್ತಿಲಿಗೆ ಅವರು ಹೋದದ್ದು ಅದೇ ಮೊದಲು.

ಲಿಂಗರಾಜನ ಹೆಂಡತಿ ಮಂಗಲಾ, ಸುಗಲಾಬಾಯಿಯವರ ಹೆಸರು ಕೇಳಿದ ಕೂಡಲೇ ಬಾಗಿಲಿನ ಚೌಕಟ್ಟು ಹಿಡಿದು ನಿಂತಳು.

“ಯಾಕ್ರಿ ಬಾಯಿ, ಖುದ್ದು ಬಂದೀರಿ. ಏನರ ಆಗ್ಯಾದೇನು?”

“ಏನೂ ಆಗಿಲ್ಲ ತಂಗಿ. ನಿಮ್ಮ ಮೈದುನ ಆರಾಮ ಅದಾರ.”

ಮಂಗಲಾ ಉಸಿರು ಬಿಟ್ಟಳು. ನೀರು ಕೊಟ್ಟಳು, ಚಹಾಕ್ಕೆ ಇಟ್ಟಳು. ಊಟಕ್ಕೆ ಮನೆಗೆ ಬಂದ ಲಿಂಗರಾಜ ಮೈಮೇಲಿನ ಕಲ್ಲಿನ ಬಿಳಿ ಧೂಳು ಕೊಡವಿ, ಕೈ ಮುಗಿದು ಕುಳಿತ. ನೆರೆಯ ವೀರಪ್ಪ ಕರೆಯದೆಯೇ ಬಂದು ಕಟ್ಟೆಯ ಮೇಲೆ ಕುಳಿತ.

“ಆರಾಮ ಅದಾನ ಅಂತ ಗೊತ್ತದರಿ,” ಎಂದ ಲಿಂಗರಾಜ. “ತಿಂಗಳಿಗೊಮ್ಮಿ ನೀವೇ ಹೇಳ್ತೀರಿ. ಅಲ್ಲೇ ಆರಾಮ ಅದಾನ, ನಾವು ಹೋಗಿ ಯಾಕ ಅವನ ಮನಸ್ಸು ಕೆಡಸಬೇಕು ಅಂತ ಸುಮ್ಮ ಕುಂತೇವಿ.”

ಸುಗಲಾಬಾಯಿ ಲೋಟವನ್ನು ಕೆಳಗಿಟ್ಟರು.

“ಅಲ್ಲೇ ಅಂತ ನಾ ಯಾವಾಗ ಅಂದಿನ್ರಿ?”

“ಮತ್ತ ಎಲ್ಲಿರಿ? ಅವನೂ ಹಂಗೇ ಅಂತಾನ. ನಾ ಆರಾಮ ಅದೀನಿ ಅಣ್ಣಾ ಅಂತಾನ. ಕೇಳಿ ನಮಗೂ ಸಮಾಧಾನ ಆಗತದ. ಊಟ, ನಿದ್ದಿ, ಆಟ ಎಲ್ಲಾ ಅದ ಅಲ್ಲಿ ಅಂತೀನಿ.”

“ಜಡ್ಡು ಹೋಗ್ಯಾದ ಅಂತ ನಾ ಹೇಳಿದ್ದು. ಆರಾಮ ಆಗ್ಯಾರ, ಮನಿಗಿ ಕರಕೊಂಡು ಹೋಗ್ರಿ ಅಂತ.”

“ಮನಿಗಿ ಅನ್ನೋ ಮಾತು ನೀವು ಒಮ್ಮಿನೂ ಅಂದಿಲ್ರಿ ಬಾಯಿ.”

ಅದು ನಿಜವಾಗಿತ್ತು. ನಮ್ಮ ಸೀಮೆಯಲ್ಲಿ ‘ಆರಾಮ’ ಎಂದರೆ ರೋಗ ವಾಸಿಯಾಯಿತು ಎಂದೂ ಅರ್ಥ. ಸುಖವಾಗಿದ್ದಾನೆ ಎಂದೂ ಅರ್ಥ. ಹೇಳಿದವರು ಮೊದಲನೆಯ ಅರ್ಥದಲ್ಲಿ ಹೇಳಿದರು. ಕೇಳಿದವರು ಎರಡನೆಯ ಅರ್ಥದಲ್ಲಿ ಕೇಳಿದರು. ಇತ್ತ ಶಿವರಾಯ ‘ಆರಾಮ ಇರು’ ಎಂಬ ಮಾತನ್ನು ‘ಅಲ್ಲೇ ಇರು’ ಎಂದು ಕೇಳಿಸಿಕೊಂಡ. ಒಂದು ಶಬ್ದದೊಳಗೆ ಒಬ್ಬ ಮನುಷ್ಯ ಮೂರು ವರ್ಷ ಎರಡು ತಿಂಗಳು ಕುಳಿತಿದ್ದ.

“ಆದ್ರ ಒಮ್ಮಿನೂ ಬಂದು ನೋಡಲಿಲ್ಲಲ್ರಿ ನೀವು,” ಎಂದರು ಸುಗಲಾಬಾಯಿ.

“ಕೊರೊನಾ ಬಂದಾಗ ನಿಮ್ಮ ಆಫೀಸಿನಿಂದ ಫೋನ್ ಬಂತ್ರಿ. ಸ್ವಲ್ಪ ದಿನ ಬರಬ್ಯಾಡ್ರಿ ಅಂದ್ರು. ಬರ್ರಿ ಅಂತ ಮತ್ತ ಯಾರೂ ಅನ್ನಲಿಲ್ಲ.”

‘ಸ್ವಲ್ಪ ದಿನ’ ಎಂಬುದಕ್ಕೆ ಅಂಕಿ ಇಲ್ಲ. ಅಂಕಿ ಇಲ್ಲದ ಅವಧಿ ಮುಗಿಯುವುದಿಲ್ಲ.

“ಅರ್ಧ ತಪ್ಪು ನಂದೇ ಅದ,” ಎಂದರು ಸುಗಲಾಬಾಯಿ. “ಈಗ ಬಿಚ್ಚಿ ಹೇಳ್ತೀನಿ. ಶಿವರಾಯಗ ಜಡ್ಡು ಇಲ್ಲ. ಡಾಕ್ಟರು ಮನಿಗಿ ಬಿಡಾಕ ತಯಾರ ಅದಾರ. ಈ ತಿಂಗಳದಾಗ ನೀವು ಬರಲಿಲ್ಲಂದ್ರ ಅವರನ್ನ ವಾರಸುದಾರ ಇಲ್ಲ ಅಂತ ಬರದು ದೂರ ಕಳಸ್ತಾರ. ಬರೆಯಾಕಿ ನಾನೇ.”

ಮಾತು ಬಂದದ್ದು ಕಟ್ಟೆಯ ಮೇಲಿನಿಂದ.

“ಹುಚ್ಚು ಒಮ್ಮಿ ಬಂತಂದ್ರ ಹೋಗತದೇನ್ರಿ ಬಾಯಿ?” ಎಂದ ವೀರಪ್ಪ. “ನನ್ನ ಕೈ ಮುರದಾನ ಅಂವ. ಆಟ ಆಡ್ಸಿ ಹುಚ್ಚು ಬಿಡಸಾಕ ಬಂದ್ರ ನಮ್ಮೂರಾಗ ಅರ್ಧ ಮಂದಿ ಶಾಣ್ಯಾ ಆಗತಿದ್ರು.”

“ಕೈ ಮುರದಿದ್ದು ಖರೆ ಅದರಿ. ನಾ ಇಲ್ಲ ಅನ್ನಲ್ಲ. ಈಗ ಹೆಂಗದ?”

“ಕೂಡ್ಯಾದ. ಪಟ್ಟಿ ಹಾಕಿದ್ರು, ಎರಡು ತಿಂಗಳಿಗಿ ಕೂಡತು.”

“ಪೂರಾ?”

“ಥಂಡಿಯಾಗ ಜರಾ ನೋಯತದ. ಅವಾಗ ಮುಲಾಮು ಹಚ್ಕೋತೀನಿ.”

“ಅದೇ ಕೈಲೆ ಉಣ್ತೀರಿ?”

“ಮತ್ತ ಯಾರ ಕೈಲೆ ಉಣ್ಲಿ?”

“ಅವರ ಮನಸ್ಸೂ ಹಂಗೇ ಮುರದಿತ್ತು, ಹಂಗೇ ಕೂಡ್ಯಾದ. ಗುಳಿಗಿ ಪಟ್ಟಿ ಇದ್ದಂಗ. ಥಂಡಿಯಾಗ ನೋಯಬಹುದು. ಅವಾಗ ಡಾಕ್ಟರ ಕಡಿ ಹೋಗಬೇಕು. ನಿಮ್ಮ ಕೈ ಈಗೂ ಮುರದದ ಅಂತ ಯಾರರ ಅಂದ್ರ ನೀವು ಸುಮ್ಮ ಕೂಡ್ತೀರೇನು?”

ವೀರಪ್ಪ ಬಲಗೈಯನ್ನು ತಿರುಗಿಸಿ ನೋಡಿಕೊಂಡ. ಮಂಗಲಾ ಒಳಗಿನಿಂದ ಬಂದಳು. ಅವಳ ಪ್ರಶ್ನೆ ಬೇರೆ.

“ಮಾತು ಖರೆ ಬಾಯಿ. ಆದ್ರ ಮನ್ಯಾಗ ಇರಾಕಿ ನಾ. ಇವರು ಕೆಲಸಕ್ಕ ಹೋಗ್ತಾರ. ಗುಳಿಗಿ ತಗೊಂಡೀನಿ ಅಂತ ಸುಳ್ಳು ಹೇಳಿದ್ರ? ಮತ್ತ ಹಂಗೇ ಆದ್ರ ನಾ ಒಬ್ಬಾಕಿ ಏನ ಮಾಡ್ಲಿ?”

“ಕೇಳಿದ್ದು ಛಲೋ ಆತು,” ಎಂದರು ಸುಗಲಾಬಾಯಿ. “ಉಂಡ ಮ್ಯಾಲ ನಿಮ್ಮ ಮುಂದ ನುಂಗಲಿ. ಆರಾಮ ಆತು ಅಂತ ಅವರೂ ಬಿಡಬಾರದು, ನೀವೂ ಬಿಡಸಬಾರದು. ಡಾಕ್ಟರು ಅಂದ್ರ ಮಾತ್ರ. ಎರಡು ಮೂರು ರಾತ್ರಿ ನಿದ್ದಿ ಬರಲಿಲ್ಲ, ಊಟ ಬಿಟ್ರು, ಒಬ್ಬರೇ ಮಾತಾಡ್ತಾರ ಅಂದ್ರ ಅವತ್ತೇ ಫೋನ್ ಮಾಡ್ರಿ. ಕಟ್ಟಬ್ಯಾಡ್ರಿ, ಬೈಯಬ್ಯಾಡ್ರಿ, ತಾಯತಕ್ಕ ಓಡಬ್ಯಾಡ್ರಿ. ಉಳದ ದಿನ ಕೆಲಸ ಕೊಡ್ರಿ, ಕಾವಲು ಹಾಕಬ್ಯಾಡ್ರಿ. ಮೊದಲ ಸಣ್ಣ ಕೆಲಸ. ಆಗಿಲ್ಲಂದ್ರ ನಗಬ್ಯಾಡ್ರಿ.”

“ಚಾ ಕುಡಿಯತಾನೇನು ಈಗೂ?” ಎಂದಳು ಮಂಗಲಾ. “ಮೊದಲ ಚಾ ಇಲ್ಲದ ಕಣ್ಣು ತೆರೀತಿರಲಿಲ್ಲ.”

“ದಿನಕ್ಕ ಎರಡು. ಸಕ್ಕರಿ ಜಾಸ್ತಿ.”

ಮಂಗಲಾ ಗಂಡನ ಕಡೆ ನೋಡಿದಳು. “ರವಿವಾರ ಹೋಗಿ ಕರಕೊಂಡು ಬರೂಣು. ಸಾವಳಿ ಖೋಲಿ ಖಾಲಿ ಮಾಡ್ತೀನಿ,” ಎಂದಳು. ಹತ್ತಿ ಗೋಣಿ, ಕೊಡಪಾನ ತುಂಬಿದ್ದ ಪಕ್ಕದ ಕೋಣೆಯನ್ನು ಅವಳು ಹಾಗೆ ಕರೆಯುತ್ತಿದ್ದಳು. ಅದು ಮೊದಲು ಶಿವರಾಯನದಾಗಿತ್ತು.

“ಬರಲಿ,” ಎಂದ ವೀರಪ್ಪ ಕಟ್ಟೆಯಿಂದ ಏಳುತ್ತ. “ಆದ್ರ ಮೊದಲ ನಾ ಮಾತಾಡ್ಸಂಗಿಲ್ಲ. ಅಂವ ಮಾತಾಡ್ಸಿದ್ರ ಮಾತಾಡ್ತೀನಿ.”

ಸುಗಲಾಬಾಯಿ ಈ ಸುದ್ದಿಯನ್ನು ಶಿವರಾಯನಿಗೆ ಹೇಳಲಿಲ್ಲ. ಬರುತ್ತೇವೆ ಎಂದು ಹೇಳಿ ಬಾರದ ಬಹಳ ಜನರನ್ನು ಅವರು ನೋಡಿದ್ದರು. ಆ ಆರು ದಿನ ಅವರು ಯಾರೊಂದಿಗೂ ಹಂಚಿಕೊಳ್ಳಲಾಗದ ಆಸೆಯೊಂದನ್ನು ಇಟ್ಟುಕೊಂಡು ಕೇರಂ ಆಡಿಸಿದರು, ಭಜನೆ ಹಾಡಿಸಿದರು.

ಮಾರ್ಚ್ ಹತ್ತು, ರವಿವಾರ, ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಅಣ್ಣ ಮತ್ತು ಅತ್ತಿಗೆ ಗೇಟಿನೊಳಗೆ ಬಂದರು. ಶಿವರಾಯ ಬೆಂಚಿನಿಂದ ಎದ್ದು ನಿಂತ. ಹತ್ತಿರ ಬರಲಿಲ್ಲ.

“ವೈನಿ, ಬಿಸಲಾಗ ಬಂದೀರಿ. ಕೂಡ್ರಿ,” ಎಂದ.

“ತಮ್ಮಾ, ಮನಿಗಿ ಕರಕೊಂಡು ಹೋಗಾಕ ಬಂದೇವಿ,” ಎಂದ ಲಿಂಗರಾಜ.

“ಸ್ವಲ್ಪ ದಿನಕ್ಕೇನು?”

“ಪೂರಾ.”

ಲಿಂಗರಾಜ ನಡೆದದ್ದನ್ನೆಲ್ಲ ಹೇಳಿದ. ಫೋನಿನಲ್ಲಿ ತಾನು ಏನು ಕೇಳಿಸಿಕೊಂಡೆ, ಏನು ತಿಳಿದುಕೊಂಡೆ ಎಂಬುದನ್ನು ಹೇಳಿದ. ಕೊನೆಗೆ, “ತಪ್ಪಾತು ತಮ್ಮಾ, ಮಾಫ್ ಮಾಡು” ಎಂದ.

“ಮಾಫಿ ಬ್ಯಾಡ ಅಣ್ಣಾ. ಮೂರು ವರ್ಷ ನಿನ್ನ ಮ್ಯಾಲ ಬಾಕಿ ಇರ್ಲಿ.”

“ಹೆಂಗ ತೀರಸಲಿ?”

“ತೀರಸಾಕ ಆಗಲ್ಲ. ಬಾಕಿ ಅದ ಅಂತ ಗೊತ್ತಿದ್ರ ಸಾಕು.”

ಡಾಕ್ಟರು ಒಂದು ತಿಂಗಳ ಗುಳಿಗೆ ಕೊಟ್ಟು, ಮುಂದಿನ ತಪಾಸಣೆ ಏಪ್ರಿಲ್ ಎಂಟು ಎಂದು ಬರೆದರು. ಮಂಗಲಾ ಆ ತಾರೀಖನ್ನು ಗಟ್ಟಿಯಾಗಿ ಎರಡು ಸಲ ಓದಿಸಿಕೊಂಡಳು. ಶಿವರಾಯ ತನ್ನ ಬಟ್ಟೆಯ ಚೀಲ ಹಿಡಿದು ಸುಗಲಾಬಾಯಿಯವರ ಮುಂದೆ ಬಂದು ನಿಂತ. ಏನೋ ಹೇಳಬೇಕೆಂದಿದ್ದ. “ಬಸ್ಸು ತಪ್ಪತದ, ನಡ್ರಿ,” ಎಂದರು ಅವರು. ಮೂವರೂ ರಸ್ತೆಯ ತಿರುವಿನಲ್ಲಿ ಮರೆಯಾದರು. ಯಾರೂ ಹಿಂದಿರುಗಿ ನೋಡಲಿಲ್ಲ. ಅದು ಸರಿಯಾದ ಲಕ್ಷಣವೆಂದು ಸುಗಲಾಬಾಯಿಯವರಿಗೆ ಗೊತ್ತಿತ್ತು. ಆದರೂ ಅವರು ಗೇಟಿನ ಬಳಿ ಸ್ವಲ್ಪ ಹೊತ್ತು ನಿಂತರು.

ಉಳಿದ ಹದಿನೈದು ಮನೆಗಳಿಗೆ ಅವರು ಹೊಸದಾಗಿ ಫೋನು ಮಾಡಿದರು. ಈ ಸಲ ‘ಆರಾಮ’ ಎನ್ನಲಿಲ್ಲ. “ನಿಮ್ಮವರ ಜಡ್ಡು ಹೋಗ್ಯಾದ. ಡಾಕ್ಟರು ಮನಿಗಿ ಬಿಡತಾರ. ಯಾವ ತಾರೀಖಿಗಿ ಬರ್ತೀರಿ?” ಎಂದು ಕೇಳಿದರು. ಐದು ಮನೆಯವರು ತಾರೀಖು ಹೇಳಿದರು, ಬಂದರು. ಮೂರು ಫೋನುಗಳು ಹತ್ತಲಿಲ್ಲ. ಏಳು ಮನೆಯವರು ‘ನೋಡೂಣ್ರಿ’ ಎಂದರು. ಮಾರ್ಚ್ ಮೂವತ್ತರಂದು ಸುಗಲಾಬಾಯಿ ಹತ್ತು ಹೆಸರುಗಳ ಪಟ್ಟಿ ಬರೆದು ರುಜು ಹಾಕಿದರು. ಮರುದಿನ ಅವರಿಗೆ ಒಂದು ಶಾಲು ಹೊದಿಸಿದರು. ಸಂಜೆ ಅವರು ನಾರಾಯಣಖೇಡದ ಬಸ್ಸು ಹತ್ತಿದರು.

ಇದನ್ನು ಓದುತ್ತಿರುವವರೇ, ಸಂಘದ ಸಭೆಯಲ್ಲಿ ಕೇಳುತ್ತಿರುವವರೇ. ಮನಸ್ಸಿನ ರೋಗ ರೋಗವೇ, ಮಾಟವಲ್ಲ, ಶಾಪವಲ್ಲ. ಬಹಳ ಜನರು ಚಿಕಿತ್ಸೆಯಿಂದ ಚೇತರಿಸಿಕೊಂಡು ಮನೆಯಲ್ಲಿಯೇ ಬಾಳಬಲ್ಲರು. ಮನೆಯವರು ಬರಲಿಲ್ಲ ಎಂಬ ಒಂದೇ ಕಾರಣಕ್ಕೆ ಒಬ್ಬರನ್ನು ಕೇಂದ್ರದಲ್ಲಿ ಇರಿಸಿಕೊಂಡೇ ಇರಕೂಡದೆಂದು ದೇಶದ ಕಾನೂನು ಹೇಳುತ್ತದೆ. ನಿಮ್ಮವರು ಯಾರಾದರೂ ಅಂಥ ಕೇಂದ್ರದಲ್ಲಿದ್ದರೆ, ‘ಹೇಗಿದ್ದಾರೆ’ ಎಂದು ಕೇಳಿ ಸುಮ್ಮನಾಗಬೇಡಿ. ‘ಮನೆಗೆ ಯಾವಾಗ ಕರೆತರಬಹುದು’ ಎಂದು ಕೇಳಿ, ಉತ್ತರವನ್ನು ತಾರೀಖಿನಲ್ಲಿ ಪಡೆಯಿರಿ. ನೀವು ಆರೋಗ್ಯ ಕಾರ್ಯಕರ್ತರಾಗಿದ್ದರೆ, ಮನೆಗೆ ಎಂಬ ಮಾತನ್ನು ಬಾಯಿಬಿಟ್ಟು ಹೇಳಿರಿ. ಗುಣವಾಗಿ ಬಂದವರು ಬೀದಿಯಲ್ಲಿ ಎದುರಾದರೆ ಮೊದಲು ನೀವೇ ಮಾತಾಡಿಸಿರಿ. ಯಾರಿಗಾದರೂ ಮನಸ್ಸಿನ ತೊಂದರೆ ಕಂಡರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ, ಇಲ್ಲವೆ ೧೪೪೧೬ಕ್ಕೆ ಫೋನು ಮಾಡಿರಿ. ಅದು ಸರ್ಕಾರದ ಸಹಾಯವಾಣಿ, ಹಗಲು ರಾತ್ರಿ ಇದೆ, ಹಣ ಕೊಡಬೇಕಾಗಿಲ್ಲ.

ಲಿಂಗರಾಜನ ತಲೆಯ ಮೇಲೆ ಮೂರು ವರ್ಷದ ಬಾಕಿ ಉಳಿಯಿತು. ಅದು ತೀರುವಂಥದ್ದಲ್ಲ. ನಿಮ್ಮ ತಲೆಯ ಮೇಲೆ ಎಷ್ಟು ಉಳಿಯಬೇಕು ಎಂಬುದನ್ನು, ನಿಮ್ಮವರನ್ನು ಕರೆತರಲು ನೀವು ಹೊರಡುವ ತಾರೀಖು ನಿರ್ಧರಿಸುತ್ತದೆ.